ಇನ್ನೊಂದ್ಸಲ ಪಟ್ಟಿ ಕಟ್ಟಿ

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿ ಎರಡು ನಿಮಿಷವೂ ಆಗಿರದ ಮುದುಕಿಗೆ ಮತ್ತೆ ಪಟ್ಟಿ ಕಟ್ಟಿಸಿದ ಮಹಾನುಭಾವನನ್ನು ನೀವು ನೋಡಿದ್ದೀರಾ? ಈ ಅಂಕಣದ ಮೇಲಿರುವ ಫೋಟೋ ನೋಡಿ. ಅವನೇ.

ನನ್ನ ಹುಚ್ಚುಗಳು ನಿಮಗೆ ಗೊತ್ತೇ ಇವೆ. ತಿರುವನಂತಪುರಕ್ಕೆ ವರ್ಗವಾಗಿ ಬಂದ ಮೇಲೆ ಮೂರೂ ಒಟ್ಟಿಗೆ ಹತ್ತಿಕೊಂಡವು. ಸಂಜೆ ಆಫೀಸಿನಿಂದ ಬಂದವನೇ ಮೋಡೆಮ್ ಕಿರುಚಿಸಿಕೊಂಡು ಇಂಟರ್‌ನೆಟ್. ರಜೆ ಸಿಕ್ಕಿದರೆ ಸ್ವಯಂಸೇವಕರ ಗುಂಪಿನ ಜೊತೆ ಊರೂರು. ಹೋದಲ್ಲೆಲ್ಲ ಹೆಗಲಿಗೆ ಹ್ಯಾಂಡಿಕ್ಯಾಮ್. ಮಾಡಿದ ಸೇವೆಯೆಲ್ಲ ಫೋಟೋ ಸಮೇತ ನನ್ನ ಹೋಮ್‌ಪೇಜಿಗೆ. (ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ. ನಾನು ಅಮೆರಿಕಕ್ಕೂ ತಿಳಿಸುತ್ತಿದ್ದೆ.)

ಮೂರು ತಿಂಗಳ ಹಿಂದೆ ಕೊಚ್ಚಿಯಲ್ಲಿ ನಮ್ಮ ಗುಂಪಿನ ಕಣ್ಣಿನ ಕ್ಯಾಂಪ್. ಅಲ್ಲಿ ಸಿಕ್ಕವರು ದೇವಕಿಯಕ್ಕ. ಮಂಜೇಶ್ವರದ ಕಡೆಯವರು, ಮದುವೆಯಾಗಿ ಕೊಚ್ಚಿಯ ಮಟ್ಟಾಂಚೇರಿಗೆ ಬಂದು, ಅಲ್ಲಿನ ಗೋದಾಮಿನಲ್ಲಿ ಶುಂಠಿ ಆಯುತ್ತಲೇ ಮುದುಕಿಯಾದವರು. ಎರಡೂ ಕಣ್ಣಿಗೆ ಪೊರೆ. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಕೈ ಹಿಡಿದುಕೊಂಡರು.

"ನನಗೊಂದು ಉಪಕಾರ ಮಾಡ್ಬೇಕು ಮಾರಾಯ್ರೆ. ಪಟ್ಟಿ ಬಿಚ್ಚುವಾಗ ಮೊಮ್ಮಗುವನ್ನು ನನ್ನ ಎದುರು ಹಿಡಿಲಿಕ್ಕೆ ಹೇಳಿ. ಹುಟ್ಟಿ ಏಳು ತಿಂಗಳಾಯ್ತು, ನನಗೆ ಬರೀ ಮುಟ್ಟಿ ಗೊತ್ತು. ಬರುವ ವಾರ ಮಗಳು ಅದನ್ನು ಕರ್ಕೊಂಡು ಗಂಡನ ಹತ್ರ ದುಬೈಗೆ ಹೋಗ್ತಾಳೆ."

ಆಪರೇಷನ್ನಿನ ಮರುದಿನ ಬೆಳಿಗ್ಗೆ ಮಗಳು ಮಗುವನ್ನು ಎದುರು ಹಿಡಿದು ನಿಂತಳು. ನರ್ಸ್ ಒಂದು ಕಣ್ಣಿನ ಪಟ್ಟಿ ಬಿಚ್ಚಿದಳು. ದೇವಕಿಯಕ್ಕ ಕಣ್ಣು ಕಿರಿದು ಮಾಡಿ ನೋಡಿದರು. ಮಗು ಅವರ ಮೂಗಿಗೆ ಕೈ ಹಾಕಿ, ಎರಡೇ ಎರಡು ಹಲ್ಲು ತೋರಿಸಿ ನಕ್ಕಿತು.

ನನ್ನ ಕ್ಯಾಮೆರಾದಲ್ಲಿ ಇದ್ಯಾವುದೂ ಇಲ್ಲ. ಬ್ಯಾಟರಿ ಮುಗಿದಿತ್ತು. ಬದಲಿಸುತ್ತ ತಲೆಯೆತ್ತಿದಾಗ ಕಂಡದ್ದು ಇಷ್ಟು.

ಆಗ ಹೇಳಿದೆ ನೋಡಿ: "ಇನ್ನೊಂದ್ಸಲ ಪಟ್ಟಿ ಕಟ್ಟಿ."

"ವೇಂಡ ಸಾರೇ," ಬೇಡ ಎಂದಳು ನರ್ಸ್. ಅವಳೊಬ್ಬಳಿಗೇ ಬುದ್ಧಿ ಇದ್ದದ್ದು. ನಾನು "ಇಂಟರ್‌ನೆಟ್‌ನಲ್ಲಿ ಹಾಕೋದಕ್ಕೆ" ಎಂದೆ. ಆ ಪದಕ್ಕೆ ಈಗ ಎಂಥ ಬೆಲೆ ಎಂದರೆ ಡಾಕ್ಟರೂ ತಲೆಯಾಡಿಸಿಬಿಟ್ಟರು. ದೇವಕಿಯಕ್ಕನಿಗೆ ಮಾತ್ರ ಬೇರೆ ಆಸೆ ತೋರಿಸಿದೆ: "ಕ್ಯಾಸೆಟ್ ಮಾಡಿ ಕೊಡ್ತೀನಿ ಅಕ್ಕಾ, ಮಗು ಹೋದ ಮೇಲೂ ದಿನಾ ನೋಡಬಹುದು." ಆ ಒಂದು ಮಾತಿಗೆ ಅವರು ಸುಮ್ಮನೆ ಮುಖ ಒಡ್ಡಿದರು.

ಎರಡನೇ ಸಲ ಬಿಚ್ಚುವಾಗ ಮಗು ಪಟ್ಟಿ ಕಟ್ಟಿದ ಮುಖ ಕಂಡು ಬೆದರಿ ಕಿಟಾರನೆ ಕಿರುಚಿತು. ಸಮಾಧಾನವೇ ಆಗಲಿಲ್ಲ. "ನೀವು ನಗ್ತಾ ಇರಿ ಅಕ್ಕಾ" ಎಂದೆ. ನಕ್ಕರು.

ತಪ್ಪು ನನ್ನದೇ, ಒಪ್ಪಿದೆ. ಆದರೆ ನಾನೊಬ್ಬನೇನಾ? ವಿಡಿಯೋದವನು "ತಾಳಿ ಮತ್ತೊಮ್ಮೆ ಎತ್ತಿ ಹಿಡೀರಿ" ಎಂದರೆ ಗಟ್ಟಿಮೇಳವೇ ನಿಂತು ಕಾಯುವ ಕಾಲ ಇದು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಹಿಂದೆಯೂ ಇದ್ದರು. ಈಗ ಅವರ ಕೈಗೆ ಕ್ಯಾಮೆರಾ ಬಂದಿದೆ, ಅಷ್ಟೇ.

ಮನೆಗೆ ಬಂದು ಎಡಿಟ್ ಮಾಡಿದೆ. ಎಡಿಟ್ ಅಂದರೆ ಕ್ಯಾಮೆರಾವನ್ನು ವಿಸಿಆರ್‌ಗೆ ಜೋಡಿಸಿ, ಬೇಡದ ಕಡೆ ಪಾಜ್ ಬಟನ್ ಒತ್ತುವುದು. ಅಳುವ ಮಗು ಬೇಡ. ಒತ್ತಿದೆ. ನಗುವ ಅಜ್ಜಿ ಬೇಕು. ಬಿಟ್ಟೆ. ಮೇಲೆ ಒಂದಿಷ್ಟು ಕೊಳಲು. ಕ್ಯಾಮೆರಾದ ಟೇಪನ್ನು ಮುಂದಿನ ಪ್ರವಾಸಕ್ಕೆ ತೆಗೆದುಕೊಂಡು ಹೋಗಿ ಅದರ ಮೇಲೆಯೇ ಮತ್ತೇನೋ ರೆಕಾರ್ಡ್ ಮಾಡಿದೆ. ನಮ್ಮಂಥ ಹವ್ಯಾಸಿಗಳೆಲ್ಲರ ಚಾಳಿ ಇದು.

ಹೋಮ್‌ಪೇಜಿನಲ್ಲಿ 'ಮೊದಲ ನೋಟ' ಎಂದು ಹೆಸರಿಟ್ಟು ನಗುವ ಅಜ್ಜಿಯ ನಾಲ್ಕು ಫೋಟೋ ಹಾಕಿದೆ. ಗೆಸ್ಟ್‌ಬುಕ್ಕಿನಲ್ಲಿ ಯಾರು ಯಾರೋ "ಕಣ್ಣೀರು ಬಂತು" ಎಂದು ಬರೆದರು. ನಾನೂ ಉಬ್ಬಿದೆ.

ಕಳೆದ ಭಾನುವಾರ ಆ ಕ್ಯಾಸೆಟ್ ಹಿಡಿದು ಮಟ್ಟಾಂಚೇರಿಗೆ ಹೋದೆ. ದೇವಕಿಯಕ್ಕ ದಿನವೂ ಗೇಟಿನ ಬಳಿ ಬಂದು ನನ್ನ ದಾರಿ ನೋಡಿ ಹೋಗುತ್ತಿದ್ದರಂತೆ. ಪಕ್ಕದ ಮನೆಯವರ ವಿಸಿಆರ್‌ಗೆ ಹಾಕಿದೆವು. ಅಕ್ಕ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಕೊಳಲು ಶುರುವಾಯಿತು. ಪಟ್ಟಿ ಬಿಚ್ಚಿತು. ಅಜ್ಜಿ ನಕ್ಕರು. ಮುಗಿಯಿತು.

"ಮಗು ಎಲ್ಲಿ?"

"ಅದು... ಅಳ್ತಿತ್ತಲ್ಲ ಅಕ್ಕಾ, ತೆಗೆದೆ."

"ಅಳುವುದಾದರೂ ಸಾಕಿತ್ತು ಮಾರಾಯ್ರೆ. ಬೇರೆ ಕಡೆ ಉಂಟಾ?"

ಇಲ್ಲ ಎಂದೆ.

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಈ ವಾರ ಬೇರೇನಾದರೂ ಬರೆಯುತ್ತಿದ್ದೆನೋ ಏನೋ. ಕ್ಯಾಸೆಟ್ ತೆಗೆದು, ಸೆರಗಿನಿಂದ ಒರೆಸಿ, ನನ್ನ ಕೈಗಿಟ್ಟರು.

"ಇದರಲ್ಲಿ ನಾನೊಬ್ಬಳೇ ಇರುವುದಲ್ವಾ? ನನ್ನ ಮುಖ ನೋಡಿ ನಾನು ಎಂತ ಮಾಡ್ಲಿ?"