ಬಾಯಮ್ಮನ ಮೂಗಿಗೆ ಹತ್ತದ ಸೆಂಟು

ಶಂಕರಪುರದ ನಮ್ಮ ನೆರೆಮನೆಯ ಸಿಸಿಲಿ ಬಾಯಮ್ಮ ಮೊದಲು ಮೂಸುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಹಾಲಿಗೂ ಅದೇ, ಮೀನಿಗೂ ಅದೇ, ಮಗಳನ್ನು ನೋಡಲು ಬಂದ ಗಂಡಿಗೂ ಅದೇ. ಮಲ್ಲಿಗೆ ಮೊಗ್ಗಿನ ವಿಷಯವಂತೂ ಕೇಳುವುದೇ ಬೇಡ. ಕಟ್ಟಿ ಮಾರಲೆಂದು ಅಕ್ಕಪಕ್ಕದವರಿಂದ ಕೊಳ್ಳುತ್ತಿದ್ದ ಮೊಗ್ಗಿಗೆ ಮೂಗಿಟ್ಟು, "ನಿನ್ನೆಯದು ಸೇರಿಸಿದ್ದೀಯಲ್ಲ, ಫ್ರಿಜ್ಜಿನ ವಾಸನೆ ಉಂಟು" ಅಂದರೆ ಮುಗಿಯಿತು. ತಂದವಳು ವಾಪಸು ಒಯ್ಯಬೇಕು.

ಬಾಯಮ್ಮ ಕಟ್ಟಿದ ಹೂವನ್ನು ಏಜೆಂಟ್ ಸದಾನಂದಣ್ಣನಿಗೆ ಮುಟ್ಟಿಸುತ್ತಿದ್ದವನು ನಾನು, ಮಣಿಪಾಲಕ್ಕೆ ಲ್ಯಾಬಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಹೂವಿನ ಹತ್ತಿರ ಪೌಡರ್ ಹಾಕಿದವರೂ ಸುಳಿಯಬಾರದು. ದುಬೈಯಿಂದ ಅಣ್ಣ ಕಳಿಸಿದ ಸೆಂಟು ಹಾಕಿಕೊಂಡು ಒಂದು ದಿನ ಹೆದರುತ್ತಲೇ ಹೋದೆ. ಬಾಯಮ್ಮ ನನ್ನ ಕಾಲರ್ ಮೂಸಿದರು. ಇನ್ನೊಮ್ಮೆ ಮೂಸಿದರು.

"ಎಂತ ಮಾರಾಯ, ನೀರು ಕಳಿಸಿದ್ದಾನಾ ನಿನ್ನ ಅಣ್ಣ? ಯಾರೋ ಅವನಿಗೆ ಟೋಪಿ ಹಾಕಿದ್ದಾರೆ."

ಅವರೇ ಪಾಸು ಮಾಡಿದ ಮೇಲೆ ಇನ್ನೆಂತ ಭಯ? ದಿನಾ ಹಾಕಿದೆ.

ಹದಿನೈದು ದಿನ ಕಳೆದಿರಬೇಕು, ಸದಾನಂದಣ್ಣ ಹೂವನ್ನೆಲ್ಲ ವಾಪಸು ತಂದು ಜಗಲಿಯಲ್ಲಿಟ್ಟ. "ಕಾಪುವಿನ ಮದುವೆಮನೆಯವರು ಬೇಡ ಅಂದರು ಬಾಯಮ್ಮ. ಗಂಡಸರ ಸೆಂಟಿನ ವಾಸನೆ ಉಂಟಂತೆ."

"ನನ್ನ ಮೂಗಿಗೆ ಸಿಗದ್ದು ಅವರಿಗೆ ಸಿಕ್ಕಿತಾ? ದರ ಇಳಿಸಲಿಕ್ಕೆ ಇದೆಲ್ಲ ನಿನ್ನದೇ ಆಟ, ಸದಾನಂದ!" ಬಾಯಮ್ಮ ಹೂವನ್ನು ನನ್ನ ಮುಖಕ್ಕೆ ಹಿಡಿದರು. "ನೀನು ಹೇಳು, ವಾಸನೆ ಉಂಟಾ?"

ಉಂಟು. ನನ್ನದೇ ಸೆಂಟು. "ಇಲ್ಲ ಬಾಯಮ್ಮ" ಅಂದುಬಿಟ್ಟೆ. ಥೂ, ಎಂಥ ಹೇಡಿ ನಾನು! ಸದಾನಂದಣ್ಣ ಮತ್ತೆ ಆ ಜಗಲಿ ಹತ್ತಲಿಲ್ಲ.

ಆಮೇಲೆ ಲ್ಯಾಬಿನ ಮೇಡಂ ಹೇಳಿ ಗೊತ್ತಾಯಿತು. ಅಂಥ ಸೆಂಟುಗಳಲ್ಲಿ ಕಾರ್ಖಾನೆಯಲ್ಲಿ ತಯಾರಿಸಿದ, ಮರದ ಪರಿಮಳದ ಒಂದು ರಾಸಾಯನಿಕ ಇರುತ್ತದಂತೆ. ಮೂಗು ಎಷ್ಟೇ ಚುರುಕಾಗಿದ್ದರೂ ಕೆಲವರಿಗೆ ಅದೊಂದು ಹತ್ತುವುದೇ ಇಲ್ಲವಂತೆ. ತಡೆಯಲಾರದೆ ಬಾಯಮ್ಮನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಹೂ ಕಟ್ಟುತ್ತಿದ್ದ ಕೈ ನಿಂತಿತು.

"ಹಾಗಾದರೆ ನನ್ನ ಮೂಗು ಹೋಯಿತಾ?"

"ಇಲ್ಲ ಬಾಯಮ್ಮ, ಅದೊಂದೇ..."

"ಸಮಾಧಾನ ಹೇಳಬೇಡ."

ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಅವರು ಮೊಗ್ಗು ಮೂಸಿ, ತಂದವಳನ್ನೇ ಕೇಳತೊಡಗಿದರು: "ಇವತ್ತಿನದೇ ಅಲ್ವಾ?"

ಕೊನೆಗೆ ಹೂವಿನ ಕೆಲಸವನ್ನೇ ಬಿಟ್ಟು ಕಾರ್ಕಳದ ಮಗಳ ಮನೆಗೆ ಹೊರಟರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಕಾರು ಹತ್ತುವ ಮೊದಲು ಬೆಳಗ್ಗೆ ಕಟ್ಟಿದ ಮಲ್ಲಿಗೆಯ ಚೆಂಡೊಂದನ್ನು ನನ್ನತ್ತ ಚಾಚಿದರು.

"ವಾಸನೆ ಉಂಟಾ?"

ಅಂಗಳವೆಲ್ಲ ಘಮಘಮ ಅನ್ನುತ್ತಿತ್ತು. "ಉಂಟು ಬಾಯಮ್ಮ. ಮಲ್ಲಿಗೆಯದೇ."

ಅವರು ನನ್ನ ಮುಖವನ್ನೇ ನೋಡಿದರು. "ಅವತ್ತು ಇಲ್ಲ ಅಂದವನೂ ನೀನೇ ಅಲ್ವಾ?"

ಆಮೇಲೆ ಹೂವನ್ನು ಗುರುತು ಪರಿಚಯವಿಲ್ಲದ ಆ ಕಾರಿನ ಡ್ರೈವರನ ಮೂಗಿಗೆ ಹಿಡಿದರು.