ಹೆಸರು ಹಿಡಿದು ಅಳಿಸಿದ ಮರಗಮ್ಮ

ಈಗಿನ ದೊಡ್ಡ ಆಸ್ಪತ್ರೆಗಳಲ್ಲಿ ನರ್ಸುಗಳ ಮನಸ್ಸಿನ ಭಾರ ಇಳಿಸುವುದಕ್ಕೂ ಒಬ್ಬ ಮೇಡಂ ಇರುತ್ತಾರಂತೆ. ಇರಲಿ, ಒಳ್ಳೆಯದೇ. ೧೯೭೮ರಲ್ಲಿ ಠಾಣೆ ಪಟ್ಟಣದ ವರ್ತಕ ನಗರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನಮಗಿದ್ದವಳು ಮರಗಮ್ಮ, ನೆಲ ಒರೆಸಿ ಬೆಡ್‌ಪ್ಯಾನ್ ತೊಳೆಯುವ ಆಯಾ. ಗುಲ್ಬರ್ಗಾ ಕಡೆಯವಳು, ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಕಲ್ಯಾಣದಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು ಅವಳು ಹಂಚುತ್ತಿದ್ದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ.

ಅವಳಿಗೊಂದು ಚಟವಿತ್ತು. ಯಾವ ರೋಗಿ ಬಂದರೂ ಮನೆಯವರ ಪಕ್ಕ ಕೂತು ಹೆಸರೇನು, ಏನು ಇಷ್ಟ, ಯಾರ ಮೇಲೆ ಪ್ರೀತಿ ಎಂದು ಕೆದಕುತ್ತಿದ್ದಳು. "ನಿಂಗೆ ಯಾಕೆ ಮಾರಾಯ್ತಿ ಊರ ಉಸಾಬರಿ?" ಎಂದು ಎಷ್ಟು ಸಲ ರೇಗಿದ್ದೆನೋ! ಉಡುಪಿಯಿಂದ ಬಂದ ಇಪ್ಪತ್ತೆರಡರ ನರ್ಸು ನಾನು, ಮೂಗಿನ ತುದಿಯಲ್ಲೇ ಸಿಟ್ಟು.

ಆ ಮಳೆಗಾಲದಲ್ಲಿ ಟಿಟ್ವಾಳಾದಿಂದ ಗಂಟಲಮಾರಿ ಹಿಡಿದ ನಾಲ್ಕು ವರ್ಷದ ಮಂದಾ ಬಂದಳು. ಸಲೈನ್ ಹಚ್ಚಲು ಮೂರು ಸಲ ಚುಚ್ಚಿದರೂ ನನಗೆ ನರ ಸಿಗಲಿಲ್ಲ. ಡಾಕ್ಟರೇ ಬಂದು ಹಚ್ಚಿದರು, ಆದರೂ ಸಂಜೆಗೆ ಮಗು ಹೋಯಿತು. ತಪ್ಪು ನಿನ್ನದಲ್ಲ ಎಂದರು ಡಾಕ್ಟರು. ನರ್ಸ್ ಅಳಬಾರದು, ಪೇಷಂಟುಗಳು ಹೆದರುತ್ತಾರೆ ಎಂದೂ ಹೇಳಿದರು. ಸರಿ, ಅಳಲಿಲ್ಲ. ಮರುದಿನದಿಂದ ಸೂಜಿ ಹಿಡಿದರೆ ಸಾಕು, ಕೈ ಗಡಗಡ. ವಾರವಾದರೂ ನಿಲ್ಲಲಿಲ್ಲ. ಮೇಟ್ರನ್ ಪ್ರಫುಲ್ಲಾ ಶನಿವಾರ ಕರೆದು ಹೇಳಿಯೇಬಿಟ್ಟರು: "ಸ್ವರ್ಣಲತಾ, ಸೋಮವಾರವೂ ಹೀಗೇ ಆದರೆ ಊರಿಗೆ ಹೋಗು." ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮರಗಮ್ಮ ನನ್ನ ರಟ್ಟೆ ಹಿಡಿದು, ಚಾದರ ಮಡಚುವ ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದಳು.

"ಸಿಸ್ಟರ್‌ಬಾಯಿ, ಸತ್ತವರಿಗಿ ಅಳಲಾರದ ಬಿಟ್ರ ಅದು ಎದಿ ಒಳಗ ಕುಂದರ್ತದ. ನಮ್ಮ ಕಡಿ ಹೆಸರು ಹಿಡದು, ಹಾಡ್ಯಾಡಿ ಅಳ್ತೀವ್ರಿ. ನೀವೂ ಅಳ್ರಿ."

"ಎಂತ ಹೇಳಿ ಅಳುವುದು? ಆ ಮಗುವಿನ ಬಗ್ಗೆ ಕೇಸ್‌ಪೇಪರ್ ಬಿಟ್ರೆ ನಂಗೆ ಎಂತದೂ ಗೊತ್ತಿಲ್ಲ!" ಎಂದು ಕೂಗಾಡಿದೆ.

"ನಂಗ ಗೊತ್ತದ. ಅವ್ರವ್ವಗ ಕೇಳೀನಿ." ಅವಳು ನೆಲದ ಮೇಲೆ ಕೂತು ರಾಗ ಎಳೆದಳು. "ಗಾಡಿ ಬಂದ್ರ ಕೈ ಮಾಡಾಕಿ ನನ ಮಂದಾ... ಬೆಲ್ಲ ಚಪಾತಿ ಬೇಡಾಕಿ ನನ ಮಂದಾ... ತಮ್ಮಗ ಅರ್ಧಾ ಮುರದು ಕೊಡಾಕಿ ನನ ಮಂದಾ..."

ಅಯ್ಯೋ ದೇವರೇ! ನಾನು ಅವಳ ಮಡಿಲಿಗೆ ಬಿದ್ದೆ. "ಮೂರು ಸಲ ಚುಚ್ಚಿದೆನಲ್ಲೇ ಮಂದಾ" ಎಂದು ನನ್ನ ಬಾಯಿಂದಲೂ ಬಂತು. ಎಷ್ಟು ಹೊತ್ತು ಅತ್ತೆನೋ, ಎದ್ದಾಗ ಅವಳ ಸೀರೆಯೆಲ್ಲ ಒದ್ದೆ.

ಸೋಮವಾರ ಒಬ್ಬ ಅಜ್ಜನಿಗೆ ಸಲೈನ್ ಹಚ್ಚಬೇಕಿತ್ತು. ಮೇಟ್ರನ್ ಎದುರಿಗೇ ನಿಂತಿದ್ದರು. ಕೈ ನಡುಗಿತು, ಆದರೆ ಸ್ವಲ್ಪವೇ. ಸೂಜಿ ಒಂದೇ ಸಲಕ್ಕೆ ನರ ಹಿಡಿಯಿತು. ಪ್ರಫುಲ್ಲಾ ತಲೆಯಾಡಿಸಿ ಮುಂದಿನ ಬೆಡ್ಡಿಗೆ ಹೋದರು.

ಓಡಿಹೋಗಿ ಮರಗಮ್ಮನನ್ನು ತಬ್ಬಿಕೊಂಡೆ. "ನಿಂಗೆ ದುಃಖ ಆದ್ರೆ ಯಾರ ಹತ್ರ ಅಳ್ತಿ ಮಾವಶಿ?" ಎಂದು ಕೇಳಿದೆ.

ಅವಳು ಬಟ್ಟೆ ಹಿಂಡುತ್ತಲೇ ಹೇಳಿದಳು: "ನನ್ನ ಮಗಳು ಸಾಬವ್ವ ಊರಾಗ ತೀರಿ ಹೋದಾಗ ನಂಗ ರಜಾ ಸಿಗಲಿಲ್ಲರಿ. ಮಂದಿ ಮಕ್ಕಳಿಗಿ ಅಳೂ ಮುಂದ ಆಕಿಗೂ ಅತ್ತು ಬಿಡ್ತೀನಿ."

ಅವಳ ಕೈಯಿಂದ ಬಟ್ಟೆ ಕಸಿದುಕೊಂಡು ಆ ದಿನ ವಾರ್ಡಿನ ನೆಲವನ್ನೆಲ್ಲ ನಾನೇ ಒರೆಸಿದೆ. ಮರಗಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತು, ಬೇರೆ ಯಾರ ಹೆಸರನ್ನೂ ಸೇರಿಸದೆ, ಮಗಳೊಬ್ಬಳಿಗೇ ಅತ್ತಳು.