ಕೊನೆಯ ಬೆಂಚಿನ ಹಿರಿಯರು

ಪಾಪಗಳಲ್ಲೆಲ್ಲ ಗರ್ವವೇ ದೊಡ್ಡದು, ಅದು ಎಲ್ಲಿ ಹೋದರೂ ಮೊದಲ ಸಾಲಿನಲ್ಲೇ ಜಾಗ ಹುಡುಕುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಸಭೆಯಲ್ಲಿ ಮಾತ್ರ ಅದು ಕೂರುತ್ತಿದ್ದುದು ಕೊನೆಯ ಬೆಂಚಿನಲ್ಲಿ, ಗೋಡೆಯ ಪಕ್ಕ.

ಹೋದ ವಾರ ನಮ್ಮ ಚರ್ಚಿನ ಹಳೆಯ ಬೆಂಚುಗಳನ್ನು ಅಂಗಳಕ್ಕೆ ತಂದು ಗೆದ್ದಲು ಹಿಡಿಯದಂತೆ ಎಣ್ಣೆ ಬಳಿದರು. ಪಕ್ಕದ ಹೊಲದ ಬ್ಯಾರನ್ನಿನಲ್ಲಿ, ಎಂದರೆ ಉರಿ ಹಾಕಿ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಬೇಯುತ್ತಿದ್ದ ಹೊಗೆಸೊಪ್ಪಿನ ಘಾಟು ಅದರೊಂದಿಗೆ ಬೆರೆತುಕೊಂಡಿತು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಈ ಘಾಟು ಹೊಸದೇನಲ್ಲ. ಆದರೂ ಬೆಂಚಿನ ಮರ, ಹೊಗೆಸೊಪ್ಪು ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ಆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಸಭೆಯ ಹಿರಿಯರೊಬ್ಬರು ನೆನಪಾದರು...

ಅವರು ಪ್ರಾಯದಲ್ಲಿ ಕುಡಿಯುತ್ತಿದ್ದರಂತೆ, ಹೊಗೆಸೊಪ್ಪನ್ನೂ ಬೆಳೆಯುತ್ತಿದ್ದರಂತೆ. ಯೇಸುವನ್ನು ನಂಬಿ ರಕ್ಷಣೆ ಹೊಂದಿದ ಮೇಲೆ ಎರಡನ್ನೂ ಬಿಟ್ಟು, ಊರೆಲ್ಲ ಹೊಗೆಸೊಪ್ಪು ನಾಟಿ ಮಾಡುತ್ತಿದ್ದಾಗ ಒಬ್ಬರೇ ರಾಗಿ ಬಿತ್ತಿದರು. ಇದು ಸಣ್ಣ ಮಾತಲ್ಲ. ಅವರೂ ಅದನ್ನು ಸಣ್ಣ ಮಾತಾಗಿ ಹೇಳುತ್ತಿರಲಿಲ್ಲ. ಭಾನುವಾರ ಎಲ್ಲರೆದುರು ಎದ್ದು ನಿಂತು ಸಾಕ್ಷಿ ಹೇಳುವಾಗ ಬಿಟ್ಟದ್ದು, ಗೆದ್ದದ್ದು, ಉಪವಾಸ ಕೂತದ್ದು ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿ, ಕಡೆಗೆ "ನನ್ದೇನೈತೆ? ಎಲ್ಲಾ ಆತನ ಕೃಪೆ ಕಣ್ರಪ್ಪಾ" ಎಂದು ಕೂರುತ್ತಿದ್ದರು. ಕೃಪೆಯ ಪಾಲಿಗೆ ಉಳಿಯುತ್ತಿದ್ದುದು ಆ ಒಂದು ವಾಕ್ಯ.

ಕೊನೆಯ ಬೆಂಚು ಅವರ ದೀನತೆಯ ಪೀಠ. ತಿಳಿಯದೆ ಯಾರಾದರೂ ಅಲ್ಲಿ ಕೂತರೆ ಎಬ್ಬಿಸಿ ಮುಂದಕ್ಕೆ ಕಳಿಸುತ್ತಿದ್ದರು. ಅಷ್ಟು ದೀನರಾಗಲು ಬೇರೆ ಯಾರಿಗೂ ಅಪ್ಪಣೆಯಿರಲಿಲ್ಲ. ಅದರ ಮುಂದಿನ ಬೆಂಚಿನವನಾದ ನನಗೆ ಇದೊಂದು ತಮಾಷೆಯಾಗಿತ್ತು. ಆ ತಮಾಷೆ ಒಂದು ಭಾನುವಾರ ಮುಗಿಯಿತು.

ಅಂದು ಕರ್ತನ ಭೋಜನ. ಹುಣಸೂರಿನಿಂದ ಪಾದ್ರಿ ಅಯ್ಯನವರು ಬಂದು ರೊಟ್ಟಿ, ದ್ರಾಕ್ಷಾರಸ ಕೊಡುವ ದಿನ. ಹಿರಿಯರು ಅವರಿಗೆ ನೀರು ಕೊಟ್ಟು ಬರುವಷ್ಟರಲ್ಲಿ ಕೊನೆಯ ಬೆಂಚಿನಲ್ಲಿ ಹಿರಿಯರ ಸ್ವಂತ ತಮ್ಮ ಕೂತಿದ್ದ. ಕಂಡವರ ಬ್ಯಾರನ್ನುಗಳಿಗೆ ಸೌದೆ ಹಾಕಿ ಉರಿ ನೋಡಿಕೊಳ್ಳುವುದು ಅವನ ಕಸುಬು. ಕುಡಿದು ಕುಡಿದು ಕಣ್ಣು ಅರಿಶಿನವಾಗಿತ್ತು, ಆಸ್ಪತ್ರೆಯವರು ಇನ್ನಾಗದೆಂದು ಮನೆಗೆ ಕಳಿಸಿದ್ದರು. ಅಣ್ಣ ಅವನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು.

"ಏಳ್ಲಾ, ಅದು ನನ್ ಜಾಗ."

"ಇದ್ಕಿಂತ ಇಂದಕ್ಕೆ ಜಾಗ ಇಲ್ವಲ್ಲಣ್ಣ. ಎಲ್ಲಿಗೋಗ್ಲಿ?"

ಯಾರೋ ಕಿಸಕ್ಕನೆ ನಕ್ಕರು. ಹಿರಿಯರ ಮುಖ ಬಿಗಿಯಿತು.

"ಮೈಯೆಲ್ಲಾ ಒಗೆಸೊಪ್ಪಿನ ನಾತ. ಮೊದ್ಲು ಕುಡ್ಯಾದ್ ಬುಟ್ಟು ಶುದ್ಧ ಆಗು, ಆಮೇಲ್ ಬಾ."

"ಶುದ್ಧ ಆಗಾಕೆ ಇನ್ನೆಷ್ಟ್ ದಿನ ಐತಣ್ಣ ನಂಗೆ? ಇಂಗೇ ಬಂದಿವ್ನಿ. ನಿನ್ ಪಕ್ಕದಾಗೆ ಮೊಣಕಾಲೂರಿ ಒಂದ್ ಚೂರು ರೊಟ್ಟಿ ತಿಂದು ಒಂಟೋಯ್ತೀನಿ, ಬಾ."

ಹಿರಿಯರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಅಯ್ಯನವರು ಕರೆದಾಗ ತಮ್ಮನು ಎದ್ದು ಬೆಂಚುಗಳನ್ನು ಹಿಡಿಹಿಡಿದುಕೊಂಡು ವೇದಿಕೆಯವರೆಗೆ ಹೋದ. ಮೊಣಕಾಲೂರಿ, ಪಕ್ಕದಲ್ಲಿ ಒಬ್ಬರು ಹಿಡಿಯುವಷ್ಟು ಜಾಗ ಬಿಟ್ಟು, ಹಿಂತಿರುಗಿ ನೋಡಿದ. ಅಯ್ಯನವರು ತಟ್ಟೆ ಹಿಡಿದು ಕಾದರು. "ಹಿರಿಯರೇ, ಬನ್ನಿ" ಎಂದರು. ಹಿರಿಯರು ತಮ್ಮನು ಎದ್ದುಹೋದ ಜಾಗವನ್ನು ಹೆಗಲ ಟವಲಿನಿಂದ ಒರೆಸಿ, ಅಲ್ಲಿ ಕೂತರು. ತಮ್ಮ ಒಬ್ಬನೇ ತಿಂದ.

ಮುಂದಿನ ಭೋಜನದ ಹೊತ್ತಿಗೆ ಅವನು ಮಣ್ಣಾಗಿದ್ದ.

ಆಮೇಲೆ ಹಿರಿಯರು ಸಾಕ್ಷಿ ಹೇಳುವುದನ್ನು ನಿಲ್ಲಿಸಿದರು. ಎಲ್ಲರೂ ಎದ್ದು ರೊಟ್ಟಿಗೆ ಹೋದರೆ ಅವರೊಬ್ಬರು ಗೋಡೆಗೊರಗಿ ಕೂತಿರುತ್ತಿದ್ದರು. ಒಮ್ಮೆ ಅಯ್ಯನವರೇ ಬೆಂಚಿನ ಬಳಿಗೆ ಬಂದರು.

"ನಾನು ಯೋಗ್ಯ ಅಲ್ಲ ಅಯ್ಯನೋರೇ."

"ಯೋಗ್ಯರಿಗೆ ಕೊಡೋದು ಅಂತ ನಿಮಗ್ಯಾರು ಹೇಳಿದ್ರು? ನಿಮ್ಮ ತಮ್ಮ ಯೋಗ್ಯನಾಗಿ ಬಂದಿದ್ನೇ?"

ಹಿರಿಯರು ತಲೆ ತಗ್ಗಿಸಿದರು. ಅದು ಪಶ್ಚಾತ್ತಾಪವೋ, ತಮ್ಮನಿಗೆ ಪುಕ್ಕಟೆ ಸಿಕ್ಕಿದ್ದನ್ನು ತಾವೂ ಪುಕ್ಕಟೆ ತೆಗೆದುಕೊಳ್ಳಲಾರದ ಹಟವೋ... ಮುಂದಿನ ಬೆಂಚಿನಲ್ಲಿ ಕೂತೂ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಅವರಿಗಾದರೂ ತಿಳಿದಿತ್ತೋ ಇಲ್ಲವೋ.

ಎಣ್ಣೆ ಒಣಗಿದ ಮೇಲೆ ಬೆಂಚುಗಳನ್ನು ಒಳಗಿಟ್ಟರು. ಕೊನೆಯದರ ಗೋಡೆಬದಿಯಲ್ಲಿ ಈಗ ಯಾರು ಬೇಕಾದರೂ ಕೂರುತ್ತಾರೆ, ಎಬ್ಬಿಸುವವರಿಲ್ಲ. ನನಗೆ ಮಾತ್ರ ಅತ್ತ ತಿರುಗಿ ನೋಡುವ ಅಭ್ಯಾಸ ಹೋಗಿಲ್ಲ.

ಹಿರಿಯರು ಕಡೆಯವರೆಗೂ ಮುಂದಕ್ಕೆ ಬರಲಿಲ್ಲ. ರೊಟ್ಟಿ ತೆಗೆದುಕೊಳ್ಳದೆಯೇ ತೀರಿಕೊಂಡರು.